ತಮ್ಮನ ಒಸಿಡಿ (ಗೀಳು ಕಾಯಿಲೆ): ಮಾತ್ರೆ ಬಿಟ್ಟು ಬ್ರಾಹ್ಮಿ, ಜಪ ಮಾಡಿಸಿ ಅಂತಿದ್ದಾರೆ, ಏನು ಮಾಡಲಿ?

ಶಿವಮೊಗ್ಗದ_ಅಕ್ಕ
ತಮ್ಮನಿಗೆ 24 ವರ್ಷ. ಚಿಕ್ಕವನಿದ್ದಾಗಲೇ ಕೈ ತೊಳೆಯುವುದು ಜಾಸ್ತಿ, ಅಜ್ಜಿ "ನಮ್ಮ ಮನೆಗೊಬ್ಬ ಮಡಿ ಹುಡುಗ" ಅಂತ ಹೊಗಳುತ್ತಿದ್ದರು, ನಾವೂ ನಕ್ಕು ಸುಮ್ಮನಾದೆವು. ಈಗ ಬಚ್ಚಲಿಗೆ ಹೋದರೆ ಒಂದೂವರೆ ಗಂಟೆ, ಟ್ಯಾಂಕ್ ಖಾಲಿ. ರಾತ್ರಿ ಗ್ಯಾಸ್ ಆಫ್ ಆಗಿದೆಯಾ ಅಂತ ಹತ್ತು ಸಲ ನೋಡುತ್ತಾನೆ, ಆಮೇಲೆ ನನ್ನನ್ನು ಎಬ್ಬಿಸಿ "ಅಕ್ಕ, ಆಫ್ ಆಗಿದೆ ಅಲ್ವಾ?" ಅಂತ ಕೇಳುತ್ತಾನೆ. ಡಾಕ್ಟರು ಫ್ಲುವಾಕ್ಸೆಟಿನ್ 20 ಎಂಜಿ ಕೊಟ್ಟು ಮೂರು ವಾರ ಆಯಿತು. ಹೊಟ್ಟೆ ತೊಳಸುತ್ತದೆ, ಉಪಯೋಗ ಏನೂ ಕಾಣಲಿಲ್ಲ. ಮಾತ್ರೆ ನಿಲ್ಲಿಸಿ ಬ್ರಾಹ್ಮಿ, ಅಶ್ವಗಂಧ ಕೊಡಿ ಅಂತ ಚಿಕ್ಕಪ್ಪ. ದಿನಾ 108 ಜಪ ಅಂತ ಅತ್ತೆ. ಅವನೇ ಆನ್‌ಲೈನಲ್ಲಿ ಇನೋಸಿಟಾಲ್ ಅನ್ನುವ ಪೂರಕ ಪುಡಿ ನೋಡಿಟ್ಟುಕೊಂಡಿದ್ದಾನೆ. ಇದರಲ್ಲಿ ಯಾವುದಾದರೂ ಕೆಲಸ ಮಾಡುತ್ತದಾ?

ಒಂಬತ್ತು_ವರ್ಷದ_ಗೀಳು
ನಾನೂ ಒಸಿಡಿಯವನೇ, ಅನುಭವದ ಮಾತು ಹೇಳುತ್ತೇನೆ. ಜಪದ ವಿಷಯದಲ್ಲಿ ಹುಷಾರು. ನನಗೂ ಯಾರೋ ಪ್ರಾಣಾಯಾಮ ಹೇಳಿಕೊಟ್ಟರು, ಒಂದು ವಾರ ಹಾಯಾಗಿತ್ತು, ಆಮೇಲೆ ಎಣಿಕೆ ತಪ್ಪಿದರೆ ಅಮ್ಮನಿಗೆ ಏನೋ ಆಗುತ್ತದೆ ಅಂತ ಅನಿಸಲು ಶುರುವಾಗಿ ಮತ್ತೆ ಒಂದರಿಂದ ಎಣಿಸುವುದು, ಮತ್ತೆ ತಪ್ಪುವುದು, ಬೆಳಿಗ್ಗೆ ಆರಕ್ಕೆ ಕೂತರೆ ಎಂಟಾದರೂ ಏಳುತ್ತಿರಲಿಲ್ಲ. ಮನೆಯವರಿಗೆ ಮಾತ್ರ ಖುಷಿ, ಹುಡುಗ ದೈವಭಕ್ತ ಆದ ಅಂತ! ಈಗ ಲೆಕ್ಕ ಇಡದೆ ವಾಕಿಂಗ್, ಒಂದಿಷ್ಟು ಸೂರ್ಯನಮಸ್ಕಾರ ಮಾಡುತ್ತೇನೆ. ನಿದ್ದೆ ಚೆನ್ನಾಗಿ ಬರುತ್ತದೆ, ಅಷ್ಟೇ.

ನಿಜವಾಗಿ ಕೈ ಹಿಡಿದದ್ದು ಇಆರ್‌ಪಿ ಥೆರಪಿ, ಅಂದರೆ ಭಯಪಡಿಸುವುದನ್ನು ಎದುರಿಸಿ, ಗೀಳಿನ ಕೆಲಸ ಮಾಡದೆ ಇರುವ ಅಭ್ಯಾಸ. ಬಚ್ಚಲ ಬಾಗಿಲು ಮುಟ್ಟಬೇಕು, ಕೈ ತೊಳೆಯಬಾರದು, ಎದೆ ಡವಡವ ಅಂದರೂ ಹಾಗೇ ಕೂರಬೇಕು. ದಿನಾ ಮಾಡುತ್ತಾ ಹೋದ ಹಾಗೆ ಆ ಭಯದ ಜೋರು ಇಳಿಯುತ್ತದೆ. ಮಾತ್ರೆಗೆ ಮೂರು ವಾರ ಸಾಲದು, ಒಸಿಡಿಗೆ 8ರಿಂದ 12 ವಾರ ನೋಡಬೇಕು, ಎಷ್ಟೋ ಜನರಿಗೆ 20 ಎಂಜಿ ಸಾಕಾಗುವುದೂ ಇಲ್ಲ. ಹೊಟ್ಟೆ ತೊಳಸುವುದನ್ನು ಡಾಕ್ಟರಿಗೇ ಹೇಳಿ.

ಇನ್ನೊಂದು, "ಆಫ್ ಆಗಿದೆ ಕಣೋ" ಅಂತ ನೀವು ಉತ್ತರ ಕೊಟ್ಟಷ್ಟೂ ಅವನ ಗೀಳು ಬೆಳೆಯುತ್ತದೆ. ಆದರೆ ಒಮ್ಮೆಲೇ ಬಾಯಿ ಮುಚ್ಚಿಕೊಳ್ಳಬೇಡಿ, ಹಗಲು ಹೊತ್ತಿನಲ್ಲಿ ಅವನ ಜೊತೆ ಮಾತಾಡಿ ಒಪ್ಪಿಸಿ.

ಮೆಡಿಕಲ್_ಶಾಪ್_ರಾತ್ರಿಪಾಳಿ
ಇನೋಸಿಟಾಲ್ ಬಗ್ಗೆ: 1996ರಲ್ಲಿ ಇಸ್ರೇಲಿನಲ್ಲಿ ಒಂದು ಪ್ರಯೋಗ ನಡೆದಿತ್ತು, ಅದನ್ನು ಮುಗಿಸಿದವರು 13 ಜನ, ಆರು ವಾರ, ದಿನಕ್ಕೆ 18 ಗ್ರಾಂ. ಔಷಧವೇ ಇಲ್ಲದ ಹುಸಿ ಪುಡಿಗಿಂತ ಉತ್ತಮ ಅಂತ ಬಂತು ನಿಜ. ಆದರೆ ಫ್ಲುವಾಕ್ಸೆಟಿನ್ ಥರದ ಮಾತ್ರೆ ಜೊತೆ ಸೇರಿಸಿ ನೋಡಿದಾಗ ಹೆಚ್ಚಿನ ಲಾಭ ಕಾಣಲಿಲ್ಲ. 18 ಗ್ರಾಂ ಅಂದರೆ ಚಮಚಗಟ್ಟಲೆ, ಹೊಟ್ಟೆ ಕೆಡುತ್ತದೆ. ಎನ್‌ಎಸಿ (ಎನ್-ಅಸಿಟೈಲ್ ಸಿಸ್ಟೀನ್) ಅನ್ನುವ ಇನ್ನೊಂದು ಪೂರಕದ ಫಲಿತಾಂಶ ಒಮ್ಮೆ ಹಾಗೆ, ಒಮ್ಮೆ ಹೀಗೆ.

ಅಶ್ವಗಂಧದ್ದು ಇರಾನಿನ ಒಂದು ಪುಟ್ಟ ಪ್ರಯೋಗ ಇದೆ, 30 ಜನರದ್ದು, ಅವರೆಲ್ಲ ಮಾತ್ರೆ *ಜೊತೆಗೆ* ತಗೊಂಡವರು. ಚಿಕ್ಕಪ್ಪನಿಗೆ ಇದನ್ನು ಹೇಳಿ. ಕೆಲವರಿಗೆ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ, ಗಿಡಮೂಲಿಕೆ ಅಂದ ಮಾತ್ರಕ್ಕೆ ಸುಮ್ನೆ ತಿನ್ನುವುದಲ್ಲ.

ಮುಟ್ಟಲೇಬಾರದ್ದು ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ. 2005ರಲ್ಲಿ 60 ಜನರಲ್ಲಿ ನೋಡಿದರು, ಔಷಧವೇ ಇಲ್ಲದ ಹುಸಿ ಮದ್ದಿಗೂ ಅದಕ್ಕೂ ವ್ಯತ್ಯಾಸ ಇರಲಿಲ್ಲ. ಫ್ಲುವಾಕ್ಸೆಟಿನ್ ಜೊತೆ ಬಿದ್ದರೆ ಸೆರಟೋನಿನ್ (ಮೆದುಳಿನ ಒಂದು ರಾಸಾಯನಿಕ) ಏರಿ ನಡುಕ, ಜ್ವರ, ಗಾಬರಿ, ಆಸ್ಪತ್ರೆ ಸೇರುವ ಪರಿಸ್ಥಿತಿ. ಫ್ಲುವಾಕ್ಸೆಟಿನ್ ಮಾತ್ರೆ ಬಿಟ್ಟ ಮೇಲೂ ಅದರ ಅಂಶ ವಾರಗಟ್ಟಲೆ ಮೈಯಲ್ಲಿ ಇರುತ್ತದೆ, ನೆನಪಿರಲಿ.

ಚಾಪೆ_ಸುತ್ತಿದವಳು
ಯೋಗಕ್ಕೆ ಹೀಗೆಲ್ಲಾ ಹೆದರಿಸಬೇಡಿ ಮಾರಾಯ್ರೆ. ನಿಮ್ಹಾನ್ಸ್‌ನಲ್ಲೇ ಚಿಕಿತ್ಸೆಯ ಜೊತೆ ಯೋಗ ಮಾಡಿಸುತ್ತಾರೆ, ಒಸಿಡಿಗೇ ಬೇರೆ ಕ್ಲಿನಿಕ್ ಕೂಡ ಇದೆ. ಬೆಂಗಳೂರಿಗೆ ಹೋಗುವುದು ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಒಂಬತ್ತು_ವರ್ಷದ_ಗೀಳು
ಹೆದರಿಸಿದ್ದಲ್ಲ ಮೇಡಂ, ಎಣಿಸಬೇಡಿ ಅಂದೆ ಅಷ್ಟೇ.

ಶಿವಮೊಗ್ಗದ_ಅಕ್ಕ
ಎಲ್ಲರಿಗೂ ಥ್ಯಾಂಕ್ಸ್. ಮಾತ್ರೆ ನಿಲ್ಲಿಸಲಿಲ್ಲ, ಗುರುವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ನಿನ್ನೆ ಮಧ್ಯಾಹ್ನವೇ ಅವನ ಜೊತೆ ಮಾತಾಡಿದ್ದೆ, ಹೂಂ ಅಂದಿದ್ದ. ರಾತ್ರಿ ಎಬ್ಬಿಸಿದಾಗ ಉತ್ತರ ಕೊಡಲಿಲ್ಲ. ಸಿಟ್ಟಾದ, ಮುಕ್ಕಾಲು ಗಂಟೆ ಹಾಲ್‌ನಲ್ಲಿ ಓಡಾಡಿದ, ಆಮೇಲೆ ಹೋಗಿ ಮಲಗಿದ. ಅವನು ಮಲಗಿದ ಮೇಲೆ ನಾನೇ ಎದ್ದು ಗ್ಯಾಸ್ ನೋಡಿಕೊಂಡು ಬಂದೆ.