ಆರ್ 10 ಪೆಲೆಟ್ ಸಿಗ್ತಿಲ್ಲ, ಏರ್ ಪಿಸ್ತೂಲಿಗೆ ಬದಲಿ ಯಾವ್ದು ತಗೊಳ್ಲಿ?

ತೀರ್ಥಳ್ಳಿ ಹುಡ್ಗ:
ಎಲ್ರಿಗೂ ನಮಸ್ಕಾರ. 10 ಮೀಟರ್ ಏರ್ ಪಿಸ್ತೂಲ್ ಹೊಡಿಯೋಕೆ ಶುರು ಮಾಡಿ ಎರಡು ವರ್ಷ ಆಯ್ತು, ಮನೆ ಹಿಂದೆ ಅಡಿಕೆ ಗೋದಾಮಲ್ಲೇ ಪ್ರಾಕ್ಟೀಸು, 60 ಈಡಿಗೆ 600ರಲ್ಲಿ 535-540 ಆಸುಪಾಸು ಬರ್ತಿದೆ. ಇಷ್ಟು ದಿನ ಆರ್‌ಡಬ್ಲ್ಯುಎಸ್ ಕಂಪನಿ ಆರ್ 10 ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕ್ತಿದ್ದೆ, ತೂಕ 7 ಗ್ರೇನು (ಅರ್ಧ ಗ್ರಾಮಿಗೂ ಒಂಚೂರು ಕಮ್ಮಿ), ಹೆಡ್ಡು ಅಂದ್ರೆ ತಲೆ ಅಗಲ 4.50 ಮಿಲಿಮೀಟರ್. ಈಗ ಬೆಂಗ್ಳೂರಿನ ಅಂಗಡಿಯೋರು ಎರಡು ತಿಂಗ್ಳು ಬರಲ್ಲ ಅಂತಿದಾರೆ, ನಂಗೆ ಮುಂದಿನ ತಿಂಗ್ಳೇ ಮ್ಯಾಚು, ಡಬ್ಬೀಲಿ ಇರೋದು ಇನ್ನೂರು ಚಿಲ್ರೆ. ಅವ್ರ ಹತ್ರ ಇರೋದು ಎಚ್ ಅಂಡ್ ಎನ್ ಕಂಪನಿ ಫಿನಾಲೆ ಮ್ಯಾಚ್, ಮೈಸ್ಟರ್‌ಕುಗೆಲ್ನ್, ಮತ್ತೆ 8.2 ಗ್ರೇನಿನ ರೈಫಲ್ ಪೆಲೆಟ್ಟು. ಟೆಕ್ಸಾಸಲ್ಲಿರೋ ಭಾವನ್ನ ಕೇಳ್ದೆ, ಅವ್ರದ್ದು ತೋಟೆ ಪಿಸ್ತೂಲು, ಮನೇಲೇ ತೋಟೆ ತುಂಬ್ಕೊಳ್ತಾರೆ, ಅವ್ರಿಗೂ ಮಾಮೂಲಿ ಪೌಡರ್ (ತೋಟೆಗೆ ತುಂಬೋ ಮದ್ದು) ಸಿಗ್ದೆ ಬದಲಿ ಹುಡುಕ್ತಿದಾರಂತೆ, "ಹೊಸಾದು ಬಂದ್ರೆ ಪುಸ್ತಕದಲ್ಲಿರೋ ಕಮ್ಮಿ ಅಳತೆಯಿಂದ ಶುರು ಮಾಡು" ಅಂದ್ರು. ನಮ್ಮ ಗಾಳಿ ಪಿಸ್ತೂಲಿಗೆ ಅದೆಂತ ಅಳತೆ ಮಾರಾಯ್ರೆ?

ಸಾಗರದ ಅಣ್ಣ:
ಭಾವ ಹೇಳಿದ್ದು ಅವ್ರ ಲೆಕ್ಕಕ್ಕೆ ಸರಿನೇ ಕಣೋ. ಪೌಡರ್ ಬದ್ಲಾಯ್ಸಿದ್ರೆ ಹಳೇ ತೂಕನೇ ಹಾಕೋ ಹಂಗಿಲ್ಲ, ಒಂದು ಬೇಗ ಉರಿಯುತ್ತೆ ಒಂದು ನಿಧಾನ, ಹೆಚ್ಚುಕಮ್ಮಿ ಆದ್ರೆ ಪಿಸ್ತೂಲೇ ಒಡೆದು ಕೈಗೆ ಬರುತ್ತೆ. ನಮ್ಮೂರಲ್ಲಂತೂ ಲೈಸೆನ್ಸ್ ಇಲ್ದೆ ತೋಟೆ ತುಂಬೋ ಕೆಲ್ಸಕ್ಕೆ ಕೈ ಹಾಕೋದೇ ಬೇಡ, 1959ರ ಆರ್ಮ್ಸ್ ಆಕ್ಟ್ ಇದೆ. ನಿಂದು ಬಚಾವ್, ಪೆಲೆಟ್ ಬದ್ಲಾದ್ರೆ ಆಗೋ ದೊಡ್ಡ ಅನಾಹುತ ಅಂದ್ರೆ ಹತ್ತರ ಜಾಗದಲ್ಲಿ ಎಂಟು.

ರೈಫಲ್ ಪೆಲೆಟ್ ಬಿಟ್ಬಿಡು. ಹಾಕಿದ್ರೆ ಪಿಸ್ತೂಲಿಗೆ ಎಂತೂ ಆಗಲ್ಲ, ಆದ್ರೆ ನಮ್ಮದು ಸೆಕೆಂಡಿಗೆ 150 ಮೀಟರ್ ಆಸುಪಾಸಲ್ಲಿ ಹೊಡಿಯೋ ಪಿಸ್ತೂಲು, ಭಾರ ಜಾಸ್ತಿ ಆದ್ರೆ ಪೆಲೆಟ್ ನಳಿಗೆ ಬಿಡೋದೇ ಒಂಚೂರು ತಡ, ಅಷ್ಟ್ರಲ್ಲಿ ಕೈ ಅಲ್ಲಾಡಿರುತ್ತೆ. ಮೈಸ್ಟರ್‌ಕುಗೆಲ್ನ್ ಪಿಸ್ತೂಲಿಂದೂ 7 ಗ್ರೇನೇ, ಕಂಪನಿನೂ ನಿನ್ ಆರ್ 10 ಮಾಡೋರೇ, ನಾನಾದ್ರೆ ಅದ್ರಿಂದ ಶುರು ಮಾಡ್ತಿದ್ದೆ. ಆದ್ರೆ ನನ್ ಮಾತು ಕೇಳಿ ಹತ್ತು ಡಬ್ಬಿ ತರಿಸ್ಬೇಡ ಮಾರಾಯ, ಒಂದೊಂದು ತರ್ಸಿ ನಿನ್ ನಳಿಗೇಲೇ ನೋಡು. ಅಕ್ಕಿ ಚೀಲದ ಮೇಲೆ ಕೈ ಊರಿ ಕೂತು, ಮೊದ್ಲು ಒಂದಿಪ್ಪತ್ತು ಸುಮ್ನೆ ಹೊಡಿ, ನಳಿಗೆ ಹೊಸ ಸೀಸಕ್ಕೆ ಹೊಂದ್ಕೊಳ್ಳಿ, ಆಮೇಲೆ ಹತ್ತತ್ತು ಈಡಿನ ನಾಲ್ಕು ಗುಂಪು. ಗುಂಪು ಎಲ್ಲಿ ಬಿತ್ತು ಅಂತ ತಲೆ ಕೆಡಿಸ್ಕೋಬೇಡ, ಎರಡು ಮಿಲಿಮೀಟರ್ ಕೆಳಗೆ ಬಿದ್ರೆ ಗುರಿ ನೋಡೋ ಸೈಟ್ ತಿರುಗ್ಸಿದ್ರಾಯ್ತು. ಎಷ್ಟು ಒತ್ತಾಗಿ ಬಿತ್ತು, ಅದನ್ನ ನೋಡು.

ಕೊಪ್ಪದ ಕಾಫಿ:
ಅಣ್ಣಾ ನಂದೊಂದು ತಕರಾರು. 540 ಹೊಡಿಯೋನಿಗೆ ಪೆಲೆಟ್ ಚಿಂತೆ ಯಾಕೆ? ಹತ್ತರ ವೃತ್ತ 11.5 ಮಿಲಿಮೀಟರ್, ಒಂಬತ್ತರದ್ದು 27.5. ಒಳ್ಳೇ ಪೆಲೆಟ್ಟಿಗೂ ಸಾಧಾರಣದ್ದಕ್ಕೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ, ನಮ್ಮ ಕೈ ನಡುಗೋದು ಅದ್ರ ಹತ್ತು ಪಟ್ಟು. ನಾನೂ ಒಂದು ವರ್ಷ ಹೆಡ್ಡು 4.49ಆ 4.50ಆ ಅಂತ ದುಡ್ಡು ಹಾಳ್ಮಾಡ್ದೆ, ಸ್ಕೋರ್ ಏರಿದ್ದು ಟ್ರಿಗರ್ ಎಳೆಯೋದು ಸರಿ ಆದ್ಮೇಲೆ.

ಸಾಗರದ ಅಣ್ಣ:
ಒಪ್ದೆ, ಆದ್ರೆ ಪೂರ್ತಿ ಅಲ್ಲ. ಕೆಟ್ಟ ಪೆಲೆಟ್ ಒಂದೊಂದು ಸಲ ಸುಮ್ ಸುಮ್ನೆ ಎಂಟಕ್ಕೆ ಹೋಗುತ್ತೆ, ಆಗ ತಪ್ಪು ಕೈದಾ ಪೆಲೆಟ್ಟಿಂದಾ ಗೊತ್ತಾಗಲ್ಲ, ಸರಿ ಇರೋ ಟ್ರಿಗರ್ ಬೆರಳನ್ನೇ ತಿದ್ದಕ್ಕೆ ಹೋಗ್ತೀಯ. ನಂಬಿಕೆ ಇರೋ ಪೆಲೆಟ್ ಬೇಕಾಗೋದು ಅದಕ್ಕೆ.

ಇನ್ನೊಂದು, ಮಳೆಗಾಲ. ನಮ್ ಕಡೆ ಜೂನಿಂದ ನಾಕು ತಿಂಗ್ಳು ಬಟ್ಟೆನೇ ಒಣಗಲ್ಲ, ತೆರೆದಿಟ್ಟ ಡಬ್ಬೀಲಿ ಸೀಸದ ಮೇಲೆ ಬಿಳೀ ಪುಡಿ ಹಿಡಿಯುತ್ತೆ. ಹಂಗಾಗಿದ್ದನ್ನ ಮ್ಯಾಚಿಗೆ ಹಾಕ್ಬೇಡ, ಪುಡಿ ಊದಕ್ಕೂ ಹೋಗ್ಬೇಡ, ಸೀಸ ಅದು, ಮುಟ್ಟಿದ್ಮೇಲೆ ಕೈ ತೊಳ್ಕೊಂಡೇ ಊಟ. ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡು. ಕೊರಿಯರಲ್ಲಿ ಕುಕ್ಕಿಸ್ಕೊಂಡು ಬಂದಿದ್ರೆ ಹಿಂದಿನ ಅಂಚು ಸೊಟ್ಟಗಾಗಿರುತ್ತೆ, ಅಂಥವನ್ನ ಆರ್ಸಿ ತೆಗಿ.

ತೀರ್ಥಳ್ಳಿ ಹುಡ್ಗ:
ಹತ್ತು ದಿನ ಆಯ್ತು, ಅಪ್‌ಡೇಟ್. ಎರಡೂ ಒಂದೊಂದು ಡಬ್ಬಿ ತರ್ಸಿ ನೋಡ್ದೆ. ಫಿನಾಲೆ ಮ್ಯಾಚ್ ನನ್ ನಳಿಗೇಲಿ ಒತ್ತಾಗಿ ಬಿತ್ತು, ಮೈಸ್ಟರ್‌ಕುಗೆಲ್ನ್‌ಲಿ ನಲವತ್ತಕ್ಕೆ ಮೂರು ದೂರ ಹೋದ್ವು (ಅಣ್ಣಾ ಸಾರಿ). ಫಿನಾಲೆ ಮ್ಯಾಚೇ, ಅದೇ ಬ್ಯಾಚ್ ನಂಬರಿಂದು ಇನ್ನೂ ನಾಕು ಡಬ್ಬಿ ಹೇಳಿದೀನಿ. ಉಳ್ದಿರೋ ಆರ್ 10 ಏನ್ ಮಾಡ್ಲಿ, ಮ್ಯಾಚಿಗೆ ಇಟ್ಕೊಳ್ಲಾ?

ಸಾಗರದ ಅಣ್ಣ:
ಬೇಡ್ವೇ ಬೇಡ. ಮ್ಯಾಚಿನ ದಿನ ವಾಪಸ್ ಬದ್ಲಾಯ್ಸಿದ್ರೆ ಸೈಟೂ ವಾಪಸ್ ತಿರುಗಿಸ್ಬೇಕು. ಅದನ್ನ ನಂಗೆ ಕಳ್ಸು.