ಹಿರಿಯರ ಕೂಟಕ್ಕೆ ಯಾವ ಅಂತಾರಾಷ್ಟ್ರೀಯ ಸಾಕ್ಷ್ಯಚಿತ್ರ ಹೊಂದೀತು?

ಡೊಂಬಿವಲಿಯ ಸದಸ್ಯೆ:
ಮಾನ್ಯರೇ, ನಮ್ಮ ಕನ್ನಡ ಸಂಘದ ಹಿರಿಯರು ತಿಂಗಳಿಗೊಂದು ಸಾಕ್ಷ್ಯಚಿತ್ರ ನೋಡಿ ಚರ್ಚಿಸಲು ಬಯಸಿದ್ದಾರೆ. ಸಮಾಜ, ಸಂಸ್ಕೃತಿ, ಪರಿಸರಗಳ ಕುರಿತ ವಿದೇಶಿ ಚಿತ್ರಗಳಿಗೆ ಟಿವಿಯಲ್ಲಿ ಕೊರತೆಯಿಲ್ಲ. ಆದರೆ ನಮ್ಮಲ್ಲಿ ಅನೇಕರಿಗೆ ಕನ್ನಡ, ತುಳು, ಮರಾಠಿ, ಹಿಂದಿ ಸಲೀಸು, ಇಂಗ್ಲಿಷ್ ಅಷ್ಟಕ್ಕಷ್ಟೆ. ಹುಲಿ ಜಿಂಕೆಯನ್ನು ಹಿಡಿದದ್ದನ್ನು ನೋಡಿ, ಚಹಾ ಕುಡಿದು ಮನೆಗೆ ಹೋಗುವಂತಾಗಬಾರದು. ಯಾವುದರಿಂದ ಆರಂಭಿಸಬಹುದು? ಕನ್ನಡ ಧ್ವನಿಯ ಚಿತ್ರಗಳು ಏಕೆ ಇಷ್ಟು ವಿರಳ?

ಮಾಟುಂಗಾದ ಓದುಗ:
ಎರಡನೆಯ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿದೆ. ಕನ್ನಡ ಚಿತ್ರರಂಗದವರ ಜೀವನೋಪಾಯವನ್ನು ಕಾಯಲು ದಶಕಗಳ ಕಾಲ ಜಾರಿಯಲ್ಲಿದ್ದ ಡಬ್ಬಿಂಗ್ ವಿರೋಧವು ಸಿನಿಮಾಕ್ಕೆ ಸೀಮಿತವಾಗಿ ಉಳಿಯಲಿಲ್ಲ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂಗಳಲ್ಲಿ ಪ್ರಸಾರವಾದರೂ ಕನ್ನಡ ಟಿವಿಗೆ ಬರಲಿಲ್ಲ. 2015ರಲ್ಲಿ, ಮಾರುಕಟ್ಟೆಯಲ್ಲಿ ನ್ಯಾಯವಾದ ಪೈಪೋಟಿಯನ್ನು ಕಾಯುವ ಭಾರತೀಯ ಸ್ಪರ್ಧಾ ಆಯೋಗವು ಈ ತಡೆಯ ವಿರುದ್ಧ ಆದೇಶ ನೀಡಿದ ಬಳಿಕವಷ್ಟೇ ಬಾಗಿಲು ನಿಧಾನವಾಗಿ ತೆರೆಯಿತು. ಆ ವಿರೋಧದ ಉದ್ದೇಶವನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ಇಂತಹ ಕಾರ್ಯಕ್ರಮಗಳನ್ನು ಸ್ವಂತ ಭಾಷೆಯಲ್ಲಿ ನೋಡಬಹುದಾಗಿದ್ದ ಸಾಮಾನ್ಯ ಪ್ರೇಕ್ಷಕರು.

ಆರಂಭಕ್ಕೆ ‘ವೈಲ್ಡ್ ಕರ್ನಾಟಕ’ ನೋಡಬಹುದು. 2020ರಲ್ಲಿ ಚಿತ್ರಮಂದಿರಕ್ಕೂ ಬಳಿಕ ಟಿವಿಗೂ ಬಂದ ಈ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ, ಕನ್ನಡದಲ್ಲಿ ರಿಷಬ್ ಶೆಟ್ಟಿ ಧ್ವನಿ ನೀಡಿದ್ದಾರೆ. ಒಂದು ಗಂಟೆಯೊಳಗೆ ಮುಗಿಯುತ್ತದೆ.

ಬೊರಿವಲಿ ಪೂರ್ವ:
ಮಾಟುಂಗಾದವರ ಸಲಹೆ ಭಾಷೆಯ ದೃಷ್ಟಿಯಿಂದ ಸರಿ, ಚರ್ಚೆಯ ದೃಷ್ಟಿಯಿಂದ ಅಲ್ಲ. ಅದು ಕಣ್ಣಿಗೆ ಹಬ್ಬ. ಮನುಷ್ಯರ ಜಗಳ ಅದರಲ್ಲಿಲ್ಲ. ಬಿಬಿಸಿಯ ‘ಪ್ಲಾನೆಟ್ ಅರ್ಥ್ 2’ ಸರಣಿಯಲ್ಲಿ (2016) ನಗರಗಳ ಕುರಿತ ಕೊನೆಯ ಕಂತು ಇಲ್ಲಿ ಮುಂಬಯಿಯಲ್ಲಿ ನಮ್ಮ ನೆರೆಯ ಚಿರತೆಗಳನ್ನೇ ತೋರಿಸುತ್ತದೆ. ಕತ್ತಲಲ್ಲಿ ದೇಹದ ಶಾಖವನ್ನು ಗುರುತಿಸುವ ಕ್ಯಾಮೆರಾದಿಂದ ಸೆರೆಹಿಡಿದ, ಅವು ನಡೆಸುವ ಹಂದಿಬೇಟೆ ಬೆರಗು ಹುಟ್ಟಿಸುತ್ತದೆ, ನಿಜ. ಆದರೆ ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗೂ ಅದಕ್ಕೆ ಹೊಂದಿಕೊಂಡ ಆರೆಯ ಹಸಿರು ಪ್ರದೇಶದಲ್ಲೂ ಇರುವ ವಾರ್ಲಿ ಆದಿವಾಸಿಗಳ ಪಾಡಾಗಳ (ಹಾಡಿಗಳ) ಜನರು ಹುಲಿ-ಚಿರತೆಗಳ ದೈವವಾದ ವಾಘೋಬಾನನ್ನು ಪೂಜಿಸುತ್ತ ಅದೇ ಚಿರತೆಯೊಂದಿಗೆ ಹೇಗೆ ಬದುಕಿದ್ದಾರೆ, 2019ರಲ್ಲಿ ಮೆಟ್ರೊ ರೈಲುಗಳನ್ನು ನಿಲ್ಲಿಸುವ ಕಾರ್‌ಶೆಡ್‌ಗಾಗಿ ಆರೆಯ ಮರಗಳನ್ನು ಕಡಿದಾಗ ಅವರಿಗೆ ಏನೆನಿಸಿತು ಎಂಬುದನ್ನು ಅಂತಹ ಸರಣಿಯಿಂದ ನಿರೀಕ್ಷಿಸಲಾಗದು. ಜಗತ್ತಿನಾದ್ಯಂತ ಮಾರಾಟವಾಗಬೇಕಾದ ಕಾರ್ಯಕ್ರಮದಲ್ಲಿ ಊರಿನ ಜಗಳ ಮೊದಲು ಕತ್ತರಿಗೆ ಸಿಗುತ್ತದೆ.

ಹಾಗಾಗಿ ನಿರೂಪಕರ ಧ್ವನಿಯೇ ಇಲ್ಲದ, ಚಿತ್ರದಲ್ಲಿರುವವರೇ ಮಾತನಾಡುವ ಕೃತಿಗಳನ್ನು ಆರಿಸಿಕೊಳ್ಳಿ. ಶೌನಕ್ ಸೆನ್ ಅವರ ‘ಆಲ್ ದಟ್ ಬ್ರೀದ್ಸ್’ (2022) ದೆಹಲಿಯಲ್ಲಿ ಗಾಯಗೊಂಡ ಹದ್ದುಗಳಿಗೆ ಚಿಕಿತ್ಸೆ ನೀಡುವ ಅಣ್ಣತಮ್ಮಂದಿರ ಕುರಿತದ್ದು. ಮಾತೆಲ್ಲ ಹಿಂದಿ-ಉರ್ದುವಿನಲ್ಲಿರುವುದರಿಂದ ನಿಮ್ಮವರಿಗೆ ಡಬ್ಬಿಂಗ್ ಬೇಕಿಲ್ಲ. ಅದೇ ವರ್ಷ ಸನ್‌ಡಾನ್ಸ್ ಹಾಗೂ ಕಾನ್ ಚಿತ್ರೋತ್ಸವಗಳೆರಡರಲ್ಲೂ ಪ್ರಶಸ್ತಿ ಪಡೆಯಿತು. ಕೆಟ್ಟ ಗಾಳಿ, ನಗರದ ಕಸ, ನೆರೆಹೊರೆಯಲ್ಲಿ ಬೆಳೆಯುತ್ತಿರುವ ಕೋಮುಗಲಭೆಯ ಭಯ ಎಲ್ಲವೂ ಒಂದೇ ಮನೆಯ ನೆಲಮಾಳಿಗೆಗೆ ಬಂದು ಸೇರುತ್ತವೆ.

ಡೊಂಬಿವಲಿಯ ಸದಸ್ಯೆ:
ವಿವರವಾದ ಉತ್ತರಕ್ಕಾಗಿ ಇಬ್ಬರಿಗೂ ವಂದನೆಗಳು. ಭಯದ ಪ್ರಸ್ತಾಪ ಬಂದರೆ ಮಾತು ರಾಜಕೀಯಕ್ಕೆ ತಿರುಗೀತು ಎಂದು ನಮ್ಮ ಕಾರ್ಯದರ್ಶಿಗಳಿಗೆ ಅಳುಕಿದೆ.

ಬೊರಿವಲಿ ಪೂರ್ವ:
ತಿರುಗಲಿ, ಅಮ್ಮ. ಚರ್ಚೆ ಬೇಕೆಂದವರು ತಾವೇ ಅಲ್ಲವೇ? ಚಿರತೆಯ ಕಂತಿನಿಂದ ಆ ಭಾಗವನ್ನಷ್ಟೇ ಮೊದಲು ತೋರಿಸಿ, ಮರುತಿಂಗಳು ಹದ್ದುಗಳ ಚಿತ್ರವನ್ನು ಇಟ್ಟುಕೊಂಡರೆ ಹೋಲಿಕೆ ತಾನಾಗಿ ಆರಂಭವಾಗುತ್ತದೆ.

ಮಾಟುಂಗಾದ ಓದುಗ:
ಒಪ್ಪುತ್ತೇನೆ. ಆದರೆ ಮನೆಯ ಚಂದಾದಾರಿಕೆಯಿಂದ ಸಭಾಗೃಹದಲ್ಲಿ ಚಿತ್ರ ತೋರಿಸುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನದ ಹಕ್ಕು ಚಿತ್ರದ ಒಡೆಯರದ್ದು. ವಿತರಕರಿಗೆ ಮೊದಲೇ ಪತ್ರ ಬರೆಯಿರಿ. ಅನುಮತಿ ತಡವಾದರೆ, ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬಯಿ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಹಿರಿಯರನ್ನೇ ಕರೆದುಕೊಂಡು ಹೋಗಬಹುದು. 1990ರಲ್ಲಿ ಆರಂಭವಾದ ಆ ಉತ್ಸವ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್‌ಗಳಿಗೇ ಮೀಸಲು. 2024ರದ್ದು ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಷನ್ ಆವರಣದಲ್ಲಿ ನಡೆಯಿತು.