ಆಳದಿಂದ ಎತ್ತಿದ ಮೀನನ್ನು ಮರಳಿ ಬಿಟ್ಟರೆ ತೇಲುವುದೇಕೆ?

ಗಾಳಪ್ರಿಯ:
ಎಲ್ಲರಿಗೂ ನಮಸ್ಕಾರ. ನಾವು ಕೆಲವು ಸ್ನೇಹಿತರು ದೋಣಿಯಲ್ಲಿ ಹೋಗಿ, 50ರಿಂದ 60 ಮೀಟರ್ ಆಳದಲ್ಲಿರುವ ಬಂಡೆಗಳ ಮೇಲೆ ಜಿಗ್ (ಗಾಳ ಕಟ್ಟಿದ ಭಾರದ ಹುಸಿಮೀನು) ಆಡಿಸಿ ಮೀನು ಹಿಡಿಯುತ್ತೇವೆ. ಸಣ್ಣ ಮುರು ಮೀನು ಮತ್ತು ಸ್ನ್ಯಾಪರ್‌ಗಳು ಸಿಕ್ಕರೆ ಗಾಳ ಬಿಡಿಸಿ ಕೂಡಲೇ ನೀರಿಗೆ ಬಿಡುವುದು ನಮ್ಮ ಪದ್ಧತಿ. ಆದರೆ ಅವುಗಳಲ್ಲಿ ಹಲವು ಕೆಳಗಿಳಿಯಲಾರದೆ ಹೊಟ್ಟೆ ಮೇಲಾಗಿ ತೇಲುತ್ತಲೇ ಇರುತ್ತವೆ. ಕಣ್ಣು ಉಬ್ಬಿ, ಬಾಯಿಂದ ನಸುಗೆಂಪು ಬಲೂನಿನಂಥದ್ದೊಂದು ಹೊರಬಂದಿರುತ್ತದೆ. ಅದೇ ಜಾಗದಲ್ಲಿ ಸಿಕ್ಕ ಅಂಜಲ್ ಮಾತ್ರ ಬಿಟ್ಟೊಡನೆ ನೇರವಾಗಿ ಕೆಳಗೆ ಹೋಗಿಬಿಡುತ್ತದೆ. ಆ ಬಲೂನನ್ನು ಗಾಳದ ಮೊನೆಯಿಂದ ಚುಚ್ಚಿ ಗಾಳಿ ತೆಗೆದರೆ ಸಾಕೆಂದು ಒಬ್ಬರು ಹೇಳಿದರು. ಅದು ಸರಿಯೇ? ನಿಧಾನವಾಗಿ ಎಳೆದರೆ ತೊಂದರೆ ಕಡಿಮೆಯಾದೀತೇ?

ತಳಬಂಡೆ:
ದಯವಿಟ್ಟು ಚುಚ್ಚಬೇಡಿ. ಬಾಯಿಂದ ಹೊರಬಂದಿರುವುದು ಗಾಳಿಚೀಲವಲ್ಲ (ಮುಳುಗದೆ, ತೇಲದೆ ನಿಲ್ಲಲು ಮೀನಿಗೆ ನೆರವಾಗುವ, ಹೊಟ್ಟೆಯೊಳಗಿನ ಅನಿಲದ ಚೀಲ), ಮೀನಿನ ಜಠರ. ಒಳಗೆ ಹಿಗ್ಗಿದ ಅನಿಲವು ಅದನ್ನು ಒಳಮೈ ಹೊರಗಾಗುವಂತೆ ತಿರುಗಿಸಿ ಹೊರದಬ್ಬಿರುತ್ತದೆ. ಅದನ್ನು ಚುಚ್ಚಿದರೆ ಜಠರಕ್ಕೆ ತೂತು ಬೀಳುತ್ತದೆಯೇ ಹೊರತು ಮೀನಿಗೆ ಬೇರೆ ಉಪಕಾರವಿಲ್ಲ.

ಸಮುದ್ರದಲ್ಲಿ ಸುಮಾರು 10 ಮೀಟರಿಗೊಮ್ಮೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ನೀರಿನ ಮೇಲಿನ ಗಾಳಿಯ ಒತ್ತಡವನ್ನೂ ಸೇರಿಸಿದರೆ 60 ಮೀಟರ್ ಆಳದಲ್ಲಿ ಅದು ಮೇಲ್ಮೈಗಿಂತ ಏಳು ಪಟ್ಟಾಗುತ್ತದೆ. ಅಂದರೆ ಅಲ್ಲಿಂದ ಎಳೆದ ಮೀನಿನ ಗಾಳಿಚೀಲದಲ್ಲಿರುವ ಅನಿಲ ಮೇಲೆ ಬರುವಷ್ಟರಲ್ಲಿ ಏಳು ಪಟ್ಟು ಹಿಗ್ಗಲು ನೋಡುತ್ತದೆ, ಎಷ್ಟೋ ಸಲ ಚೀಲವೇ ಹರಿದು ಅನಿಲ ಹೊಟ್ಟೆಯೊಳಗೆಲ್ಲ ಹರಡುತ್ತದೆ. ಮುರು, ಸ್ನ್ಯಾಪರ್‌ಗಳಲ್ಲಿ ಗಾಳಿಚೀಲಕ್ಕೂ ಅನ್ನನಾಳಕ್ಕೂ ನಡುವೆ ನಾಳವಿಲ್ಲ. ಹೆಚ್ಚಾದ ಅನಿಲವನ್ನು ಅವು ಬಾಯಿಯ ಮೂಲಕ ಹೊರಹಾಕಲಾರವು. ರಕ್ತವೇ ಅದನ್ನು ನಿಧಾನವಾಗಿ ಹೀರಿಕೊಳ್ಳಬೇಕು. ರೀಲನ್ನು ನೀವು ಎಷ್ಟೇ ಸಾವಕಾಶವಾಗಿ ಸುತ್ತಿದರೂ ಆ ವೇಗಕ್ಕೆ ಹೊಂದುವುದಿಲ್ಲ, ಮೀನು ಇನ್ನಷ್ಟು ದಣಿಯುತ್ತದೆ ಅಷ್ಟೇ. ಅಂಜಲ್‌ಗೆ ಗಾಳಿಚೀಲವೇ ಇಲ್ಲ, ಆದ್ದರಿಂದ ಈ ಕಷ್ಟವೂ ಇಲ್ಲ.

ಪರಿಹಾರವೆಂದರೆ ಮೀನನ್ನು ತೂಕ ಕಟ್ಟಿ ಆಳಕ್ಕೆ ಮರಳಿಸುವುದು. ಕೆಳದವಡೆಯನ್ನು ಹಿಡಿದುಕೊಂಡು, ನಿಗದಿತ ಒತ್ತಡ ತಲುಪಿದಾಗ ತಾನಾಗಿಯೇ ತೆರೆದುಕೊಳ್ಳುವ ಇಕ್ಕಳದಂಥ ಸಾಧನಗಳು ಸಿಗುತ್ತವೆ. ಹಿಮ್ಮುಳ್ಳು ಅರೆದು ತೆಗೆದ ದೊಡ್ಡ ಗಾಳವೊಂದನ್ನು ತಲೆಕೆಳಗಾಗಿ ಸೀಸದ ಗುಂಡಿಗೆ ಕಟ್ಟಿಕೊಂಡರೂ ಕೆಲಸ ನಡೆಯುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ದಾರವನ್ನು ಒಮ್ಮೆ ಜಗ್ಗಿದರೆ ಗಾಳ ಕಳಚಿಕೊಳ್ಳುತ್ತದೆ. ಅಮೆರಿಕದ ಆಗ್ನೇಯ ಅಟ್ಲಾಂಟಿಕ್ ಕರಾವಳಿಯಾಚೆಯ ಸಮುದ್ರದಲ್ಲಿ 2020ರಿಂದ ಬಂಡೆಮೀನು ಹಿಡಿಯುವ ದೋಣಿಗಳಲ್ಲಿ ಇಂಥ ಸಾಧನ ಸಿದ್ಧವಾಗಿರುವುದು ಕಡ್ಡಾಯ. ಅಲ್ಲಿನ ನಿಯಮ ಕೇಳುವುದು ಕನಿಷ್ಠ 16 ಔನ್ಸ್ ತೂಕ ಮತ್ತು 60 ಅಡಿ ದಾರ. ನಿಮ್ಮ ಆಳಕ್ಕೆ ಎರಡೂ ಹೆಚ್ಚು ಬೇಕಾಗುತ್ತವೆ.

ಹಳೆಯ ರೀಲು:
ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಸೂಜಿಯನ್ನು ಪೂರ್ತಿ ತಳ್ಳಿಹಾಕುವುದು ಬೇಡ. ಒಳಗೆ ಟೊಳ್ಳಿರುವ ಸೂಜಿಯನ್ನು ಎದೆರೆಕ್ಕೆಯ ಹಿಂಬದಿಯಲ್ಲಿ, ಹುರುಪೆಯ ಅಡಿಯಿಂದ ಓರೆಯಾಗಿ ತೂರಿಸಿ ಅನಿಲವನ್ನು ಹೊರಬಿಡುವ ಕ್ರಮವೊಂದಿದೆ, ಬಲ್ಲವರ ಕೈಯಲ್ಲಿ ಅದು ಫಲಿಸುತ್ತದೆ. ಜಾಗ ಸ್ವಲ್ಪ ತಪ್ಪಿದರೂ ಯಕೃತ್ತಿಗೋ ಹೃದಯಕ್ಕೋ ತಾಗುವ ಅಪಾಯವಿರುವುದರಿಂದ, ಅಲೆಗೆ ಹೊಯ್ದಾಡುವ ದೋಣಿಯಲ್ಲಿ ಹೊಸಬರಿಗೆ ನಾನು ಸೂಚಿಸುವುದು ತೂಕದ ವಿಧಾನವನ್ನೇ. ಏನೇ ಮಾಡುವುದಿದ್ದರೂ ಸಾಧನವನ್ನು ಮೊದಲೇ ಕಟ್ಟಿಡಿ. ಮೀನು ದೋಣಿಯೊಳಗೆ ಬಂದ ಮೇಲೆ ಪೆಟ್ಟಿಗೆಯಲ್ಲಿ ಸೀಸ ಹುಡುಕುತ್ತಾ, ಜೊತೆಗೊಂದು ಫೋಟೋ ತೆಗೆಯುತ್ತಾ ಕುಳಿತರೆ ಉಳಿಯಬಹುದಾಗಿದ್ದ ಮೀನೂ ಉಳಿಯುವುದಿಲ್ಲ. ಹಿಡಿಯುವ ಮುನ್ನ ಕೈಯನ್ನು ಒದ್ದೆ ಮಾಡಿಕೊಳ್ಳಿ. ಒಣಗಿದ ಕೈ ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ.

ಗಾಳಪ್ರಿಯ:
ಇಬ್ಬರಿಗೂ ಧನ್ಯವಾದ. ಒಂದು ಸಂದೇಹ ಉಳಿದಿದೆ: ಮೀನನ್ನು ತಳದವರೆಗೂ ಇಳಿಸಲೇಬೇಕೇ? ಕಣ್ಣು ಅಷ್ಟು ಉಬ್ಬಿದ ಮೀನು ನಿಜವಾಗಿಯೂ ಬದುಕೀತೇ?

ತಳಬಂಡೆ:
ತಳ ಮುಟ್ಟಿಸಿದರೆ ಒಳ್ಳೆಯದು, ಆದರೆ ಅನಿವಾರ್ಯವಲ್ಲ. 60 ಮೀಟರಿನಿಂದ ಬಂದ ಮೀನನ್ನು 30 ಮೀಟರಿಗೆ ಇಳಿಸಿದರೆ ಒತ್ತಡ ನಾಲ್ಕು ವಾಯುಮಂಡಲದಷ್ಟಾಗುತ್ತದೆ. ಮೇಲ್ಮೈಯಲ್ಲಿ ಏಳು ಪಟ್ಟು ಹಿಗ್ಗಿದ್ದ ಅನಿಲ ಅಲ್ಲಿ ಎರಡು ಪಟ್ಟಿಗೂ ಕಡಿಮೆಯಾಗುತ್ತದೆ, ಉಳಿದ ದಾರಿಯನ್ನು ಮೀನು ತಾನೇ ಈಜಿಕೊಳ್ಳಬಲ್ಲದು. ಹತ್ತಿರದಲ್ಲಿ ಶಾರ್ಕ್‌ಗಳಿದ್ದರೆ ಮಾತ್ರ ನಡುನೀರಿನಲ್ಲಿ ಬಿಡದೆ ಬಂಡೆಯವರೆಗೆ ಇಳಿಸಿ. ಉಬ್ಬಿದ ಕಣ್ಣಿನ ಬಗ್ಗೆ ಅಷ್ಟು ನಿರಾಶೆ ಬೇಡ, ಪೆಸಿಫಿಕ್ ಸಾಗರದ ರಾಕ್‌ಫಿಶ್‌ಗಳು ಒತ್ತಡಕ್ಕೆ ಮರಳಿದ ಮೇಲೆ ದೃಷ್ಟಿಯನ್ನು ಮತ್ತೆ ಪಡೆದದ್ದು ದಾಖಲಾಗಿದೆ. ಹಾಗೆಂದು ಎಲ್ಲ ಮೀನೂ ಉಳಿಯುತ್ತವೆಂದು ಯಾರೂ ಭರವಸೆ ಕೊಡಲಾರರು.

ಹಳೆಯ ರೀಲು:
ಸಣ್ಣ ಮುರುಗಳೇ ಒಂದರ ಹಿಂದೊಂದು ಬರುತ್ತಿದ್ದರೆ ಇಳಿಸುವ ಸಾಧನಕ್ಕಿಂತ ಜಾಗ ಬದಲಿಸುವುದೇ ಮೇಲು. ದೋಣಿಯನ್ನು ಬಂಡೆಯ ಅಂಚಿನಿಂದಾಚೆ ತಂದು, ಜಿಗ್ ತಳ ಮುಟ್ಟುವ ಮೊದಲೇ ಮೇಲಕ್ಕೆ ಆಡಿಸತೊಡಗಿದರೆ ನಡುನೀರಿನ ಅಂಜಲ್, ಟ್ಯೂನಾಗಳು ಕಚ್ಚುವ ಸಂಭವ ಹೆಚ್ಚು, ಮುರುಗಳ ಕಾಟವೂ ಕಡಿಮೆ.